ನಲವತ್ತೆಂಟರ ಗೆರೆ

೨ ಜೂನ್ ೨೦೨೫, ಸೋಮವಾರ
ಬಿ.ಪಿ. ೧೫೪/೯೬

ದಿನಾ ಬೆಳಿಗ್ಗೆ ಬಿ.ಪಿ. ನೋಡಿ ಬರೆದಿಡಿ ಎಂದು ಡಾಕ್ಟರು ಈ ನೋಟ್‌ಬುಕ್ ಮಾಡಿಸಿದ್ದಾರೆ. ಪುಟಕ್ಕೊಂದು ಸಂಖ್ಯೆ ಬರೆದು ಉಳಿದ ಜಾಗ ಖಾಲಿ ಬಿಡುವುದು ನನ್ನಿಂದಾಗದ ಮಾತು. ಧಾರವಾಡದ ಸಾಲಿ ಮಾಸ್ತರರ ಮಗ ನಾನು. ಕಾಗದ ಹಾಳು ಮಾಡಿದರೆ ಅಪ್ಪ ಬೆರಳ ಗಂಟಿನ ಮೇಲೆ ಅಡಿಪಟ್ಟಿಯಿಂದ ಕೊಡುತ್ತಿದ್ದರು. ಆದ್ದರಿಂದ ಬರೆಯುತ್ತೇನೆ. ಯಾರೂ ಓದಬೇಕಾಗಿಲ್ಲ.

ಹಳೆಯ ಕಂಪನಿ ಬಾಗಿಲು ಹಾಕಿದ ಮೇಲೆ ಏಳು ತಿಂಗಳು ನವನಗರದ ಮನೆಯಲ್ಲಿ ಕುಳಿತು, ಐವತ್ತೊಂದನೇ ವಯಸ್ಸಿನಲ್ಲಿ ಇಂದು ಮತ್ತೆ ಕೆಲಸಕ್ಕೆ ಹೋದೆ. ತಾರಿಹಾಳದಲ್ಲಿ ಒಂದು ಸಣ್ಣ ಕಾರ್ಖಾನೆ. ಉಕ್ಕಿನ ಪಿನ್ನು, ಗೇರುಗಳನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯ ತೊಟ್ಟಿಯಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ಮಾಲಕ ಸೌರಭ, ಮೂವತ್ತೆರಡು ವರ್ಷದವನು. ಕಾರ್ಖಾನೆ ಅವನ ತಂದೆ ಕಟ್ಟಿದ್ದು. ಚಹಾ ಬರುವ ಮೊದಲೇ ವಿಷಯಕ್ಕೆ ಬಂದ.

"ಆರ್ಡರ್ ಕೊಡೂ ಪುಣೆದ ಪಾರ್ಟಿ ಜುಲೈ ಹದಿನೇಳಕ್ಕ ತಪಾಸಣಿಗೆ ಬರ್ತದ್ರಿ, ಯಜ್ಞೇಶ್ವರ ಅವ್ರ. ಅವ್ರು ಪಾಸ್ ಮಾಡಿದ್ರ ನೀವು ಇಲ್ಲೇ ಖಾಯಂ. ಇಲ್ಲಂದ್ರ ಈ ಶೆಡ್ಡೂ ಇಲ್ಲ, ನಾನೂ ಇಲ್ಲ, ನೀವೂ ಇಲ್ಲ."

ಎಣ್ಣೆ ತೊಟ್ಟಿಯ ವ್ಯವಸ್ಥೆ ನೋಡಿ ನಗು ಬಂತು. ಕೆಂಪು ಉಕ್ಕು ಅದ್ದಿದಾಗ ಎಣ್ಣೆ ಕಾಯುತ್ತದೆ. ಅದನ್ನು ತಣಿಸಲು ಒಂದು ಕೂಲರ್, ಎಣ್ಣೆಯನ್ನು ಅದರೊಳಗೆ ತಿರುಗಿಸಲು ಒಂದು ಪಂಪ್, ಪಂಪಿಗೆ ಒಂದು ಟೈಮರ್. ಎಣ್ಣೆ ಕಾದಿರಲಿ ಬಿಡಲಿ, ಪ್ರತಿ ಲೋಡಿಗೆ, ಅಂದರೆ ಅದ್ದುವ ಒಂದೊಂದು ಬುಟ್ಟಿಗೆ, ಇಪ್ಪತ್ತೈದು ನಿಮಿಷ ತಿರುಗಿ ನಿಲ್ಲುತ್ತದೆ. ಹಾಗಾದರೆ ಎಣ್ಣೆ ಎಷ್ಟು ಕಾದಿದೆ ಎಂದು ನೋಡುವವರು ಯಾರು? ತೊಟ್ಟಿಯ ಕೆಲಸದ ಹಫೀಜ. ಹೇಗೆ ನೋಡುತ್ತಾನೆ? ತೊಟ್ಟಿಯ ಹೊರಮೈಗೆ ಅಂಗೈ ಹಚ್ಚಿ!

"ಮೂರು ಎಣಿಸೂತನಕಾ ಕೈ ತಡೀತಂದ್ರ ಬರೋಬ್ಬರಿ ಐತ್ರಿ ಸಾಹೇಬ್ರ," ಎಂದ. "ಎರಡಕ್ಕ ಕಿತ್ಕೊಂಡ್ರ ಪಂಪ್ ಇನ್ನೊಮ್ಮಿ ಹಚ್ತೇನ್ರಿ."

ಮೂವತ್ತರ ಆಸುಪಾಸಿನವನು, ನಗುಮುಖ, ಬಾಯಿ ಸ್ವಲ್ಪ ಜಾಸ್ತಿ. ಅರ್ಧ ತಾಸಿನಲ್ಲಿ ಕಾರ್ಖಾನೆಯ ಹನ್ನೊಂದು ತಪ್ಪುಗಳನ್ನು ಹೇಳಿಬಿಟ್ಟ. ಕೇಳಿದ್ದು ಮಾತ್ರ ನಾನು ಒಂದೇ.

೫ ಜೂನ್, ಗುರುವಾರ
ಬಿ.ಪಿ. ೧೫೦/೯೪

ಸೌರಭನಿಗೆ ಎರಡು ಪುಟದ ಟಿಪ್ಪಣಿ ಕೊಟ್ಟೆ. ಯಂತ್ರ ನಡೆಸುವ ಪದ್ಧತಿ ಎರಡು ಬಗೆ. ಒಂದು, ಹೇಳಿ ಸುಮ್ಮನಾಗುವುದು. ಟೈಮರ್ ಅಂಥದು. ಪಂಪಿಗೆ ತಿರುಗು ಎನ್ನುತ್ತದೆ, ಆಮೇಲೆ ಎಣ್ಣೆ ಏನಾಯಿತೆಂದು ಕೇಳುವುದಿಲ್ಲ. ಇನ್ನೊಂದು, ಹೇಳಿ, ಕೇಳಿ, ತಿದ್ದಿಕೊಳ್ಳುವುದು. ಫೀಡ್‌ಬ್ಯಾಕ್ ಎನ್ನುವುದು ಇದಕ್ಕೇ. ಎಣ್ಣೆಯಲ್ಲಿ ಒಂದು ಸೆನ್ಸರ್ ಇಳಿಬಿಟ್ಟರೆ ಅದು ಕ್ಷಣಕ್ಷಣದ ಶಾಖವನ್ನು ತಿಳಿಸುತ್ತದೆ. ಅರವತ್ತು ಡಿಗ್ರಿ ದಾಟಿದರೆ ಪಂಪ್ ತಾನೇ ಹತ್ತುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ, ಎಪ್ಪತ್ತೈದು ದಾಟಿದರೆ ಅಲಾರಂ ಒದರುತ್ತದೆ. ಮೊದಲನೆಯದು ಅಗ್ಗ, ಗಟ್ಟಿ, ಆದರೆ ಕುರುಡು. ಎರಡನೆಯದು ತುಟ್ಟಿ, ನಾಜೂಕು, ಆದರೆ ಕಣ್ಣುಳ್ಳದ್ದು.

ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ: "ಸೆನ್ಸರ್ ಸುಳ್ಳು ಹೇಳಿದರೆ ಎರಡನೆಯ ಪದ್ಧತಿಯೇ ಹೆಚ್ಚು ಅಪಾಯ. ಟೈಮರ್ ಯಾರ ಮಾತನ್ನೂ ನಂಬುವುದಿಲ್ಲ. ಇದು ನಂಬಿ ಕೆಡುತ್ತದೆ." ಸೌರಭ ಅದರ ಮೇಲೆ ಗೆರೆ ಎಳೆದ. "ಪುಣೆದವ್ರು ಓದಿ ಸುಮ್ನ ಹೆದರ್ತಾರ್ರಿ," ಎಂದ. ಅವನ ಮಾತಿನಲ್ಲೂ ಅರ್ಥವಿದೆ. ತೆಗೆದುಹಾಕಿದೆ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ಮಂದಾಕಿನಿಗೂ ಮಗಳು ಸಾನ್ವಿಗೂ ಇದನ್ನೇ ಹೇಳಿದೆ. "ಮ್ಯಾಲಿನ ಟಾಕಿಗೆ ನೀ ಮೋಟರ್ ಹಚ್ತೀಯಲ್ಲ, ಗಡಿಯಾರ ನೋಡಿ ಇಪ್ಪತ್ತು ನಿಮಿಷ. ಅದು ಟೈಮರ್. ತುಂಬಿ ಹರದ್ರೂ ನಿನಗ ತಿಳಿಯೂದಿಲ್ಲ."

"ಯಾಕ ತಿಳಿಯೂದಿಲ್ರಿ? ಹರದ್ರ ಬಾಜೂ ಮನಿ ಶಿವಲಿಂಗವ್ವ ಒದರ್ತಾಳಲ್ಲ," ಎಂದಳು ಮಂದಾಕಿನಿ. "ಅಕೀನ ನನ್ನ ಸೆನ್ಸರ್."

ಸಾನ್ವಿ ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡಳು. ಬಹಳ ದಿನದ ಮೇಲೆ ಮನೆಯಲ್ಲಿ ನಗು.

೧೪ ಜೂನ್, ಶನಿವಾರ
ಬಿ.ಪಿ. ೧೫೮/೯೮

ಸೆನ್ಸರ್, ಕಂಟ್ರೋಲರ್ ಕೂತವು. ಟೈಮರ್ ಕಿತ್ತು ಮೂಲೆಗೆ ಒಗೆದಾಯಿತು. ನನಗೊಂದು ಗಾಜಿನ ಕ್ಯಾಬಿನ್ ಆಗಿದೆ. ಅಲ್ಲಿ ಕುಳಿತೇ ಪರದೆಯ ಮೇಲೆ ಎಣ್ಣೆಯ ಶಾಖದ ಗೆರೆ ನೋಡಬಹುದು. ಗೆರೆ ಗರಗಸದ ಹಲ್ಲಿನ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿಕೆ ಅತಿಯಾಯಿತು. ಮೊದಲ ದಿನವೇ ಎರಡು ಸಲ ಅಲಾರಂ ಒದರಿತು. ಇದು ಪರೀಕ್ಷೆಯ ದಿನ, ಲೆಕ್ಕಕ್ಕೆ ಹಿಡಿಯಲಿಲ್ಲ.

ತಪಾಸಣೆಗೆ ಬರುವವರು ಅಲಾರಂಗಳ ದಾಖಲೆ ಕೇಳುತ್ತಾರೆ. ಆದ್ದರಿಂದ ಶಿಸ್ತು ಬೇಕು. ಕೆಂಪು ರಟ್ಟಿನ ಒಂದು ರಜಿಸ್ಟರ್ ತಂದು 'ಕಾರಣ ಪುಸ್ತಕ' ಎಂದು ಹೆಸರಿಟ್ಟೆ. ಸೋಮವಾರದಿಂದ ಅಲಾರಂ ಒದರಿದಾಗಲೆಲ್ಲ ಹಫೀಜ ಅದರಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಮೂರು ಅಲಾರಂ ಆದರೆ ಒಂದು ರವಿವಾರದ ಸೂಟಿ ರದ್ದು.

ಸಂಜೆ ಮನೆಗೆ ಬಂದರೆ ಸಾನ್ವಿ ಬಾಗಿಲಲ್ಲೇ ನಿಂತಿದ್ದಳು. "ಅಪ್ಪಾ, ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ." ಗಣಿತದ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಒಂಬತ್ತು. ಒಂಬತ್ತನೇ ಇಯತ್ತೆಯಲ್ಲಿ ಒಂಬತ್ತು! ತಪ್ಪಾದ ಒಂದೊಂದು ಲೆಕ್ಕಕ್ಕೂ ಕಾರಣ ಬರೆದು ತೋರಿಸು ಎಂದೆ. ದನಿ ಸ್ವಲ್ಪ ಏರಿತು. ಅಳುತ್ತಾ ಬರೆದಳು. ನೋಡುವಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು.

೨೧ ಜೂನ್, ಶನಿವಾರ
ಬಿ.ಪಿ. ೧೬೨/೯೮

ಈ ವಾರ ಒಂಬತ್ತು ಅಲಾರಂ. ಸೌರಭ ಎಲ್ಲರೆದುರು ನನ್ನನ್ನು ಕೇಳಿದ, "ಇದಕ್ಕೇನ್ರಿ ಇಷ್ಟು ಖರ್ಚು ಮಾಡಿಸಿದ್ದು?" ಮೂವತ್ತೆರಡು ವರ್ಷದವನಿಂದ ಕೇಳಿಸಿಕೊಳ್ಳಬೇಕಾಯಿತು.

ನಾನು ಹಫೀಜನನ್ನು ಕರೆದು ಎಲ್ಲರೆದುರೇ ನಿಲ್ಲಿಸಿದೆ. ಅವನು ಬಾಯಿ ತೆಗೆದ: "ಸಾಹೇಬ್ರ, ಆ ಕೂಲರ್ ಒಳಗ..."

"ನನಗ ಕಥಿ ಬ್ಯಾಡ. ಹೇಳೂದಿದ್ರ ಪುಸ್ತಕದಾಗ ಬರಿ," ಎಂದೆ. ಮೂರು ರವಿವಾರ ರದ್ದು ಎಂದೂ ಹೇಳಿದೆ. ತಲೆ ಅಲ್ಲಾಡಿಸಿ ಹೋದ. ಪಕ್ಕದ ಭಟ್ಟಿಯ ಬಾಬುಸಾಬ ಏನೋ ಹೇಳಲು ಬಂದು ತಿರುಗಿ ಹೋದ. ಮುದುಕ, ವಯಸ್ಸಿಗೆ ತಕ್ಕ ಬುದ್ಧಿ ಇದೆ.

೨೮ ಜೂನ್, ಶನಿವಾರ

ಈ ವಾರ ಐದು. ಹಫೀಜನ ಇನ್ನೊಂದು ರವಿವಾರ ರದ್ದು. ಕೊನೆಯ ಎರಡು ದಿನ ಒಂದೂ ಇಲ್ಲ. ಶಿಸ್ತು ನಾಟುತ್ತಿದೆ. ವಾರಕ್ಕೆ ಎಷ್ಟು ಎಂದು ಎಣಿಸಿ ಗೋಡೆಯ ಮೇಲೊಂದು ತಖ್ತೆ ಹಾಕಿಸಿದ್ದೇನೆ: ಒಂಬತ್ತು, ಐದು. ಬಿ.ಪಿ. ನೋಡಲು ಇಂದು ವೇಳೆ ಆಗಲಿಲ್ಲ.

೭ ಜುಲೈ, ಸೋಮವಾರ

ಕಳೆದ ವಾರ ಸೊನ್ನೆ. ಪೂರ್ತಿ ಸೊನ್ನೆ!

ಪರದೆಯ ಮೇಲೆ ಗೆರೆ ನಲವತ್ತೆಂಟರಲ್ಲಿ ನಿಂತಿದೆ. ಒಮ್ಮೆ ನಲವತ್ತೇಳು, ಒಮ್ಮೆ ನಲವತ್ತೊಂಬತ್ತು, ಅಷ್ಟೇ. ಗರಗಸದ ಹಲ್ಲು ಮಾಯ. ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ. ಅದರ ಚಿತ್ರ ತೆಗೆದು ಪುಣೆಯವರಿಗೆ ಕಳಿಸಿದೆವು. "ಹೆಂಗ್ ಮಾಡಿದ್ರಿ ಮಾರಾಯ್ರ?" ಎಂದು ಸೌರಭ ಕೈ ಹಿಡಿದ. ಕೆಲಸ ಬಲ್ಲವನು ಬಂದರೆ ಹೀಗಾಗುತ್ತದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಬರೆಯುವುದಕ್ಕೇನು ಅಡ್ಡಿ?

ಹಫೀಜನೂ ಸುಧಾರಿಸಿದ್ದಾನೆ. ಮೊದಲಿನ ಹರಟೆ ಇಲ್ಲ. ಹೇಗಿದೆ ಎಂದರೆ "ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ" ಎಂದು ಕೆಲಸಕ್ಕೆ ತಿರುಗುತ್ತಾನೆ. ನಾನು ಹೊರಗೆ ಬಂದರೆ ಚಹಾದ ಗುಂಪು ತಾನಾಗಿ ಚದುರುತ್ತದೆ. ತೊಟ್ಟಿಯ ಹತ್ತಿರ ಹೋಗಿ ನೋಡುವ ಅಗತ್ಯವೇ ಬೀಳುತ್ತಿಲ್ಲ. ಅಲ್ಲಿ ನೆಲದ ತುಂಬ ಎಣ್ಣೆ, ಬೂಟು ಜಾರುತ್ತವೆ.

ಮನೆಯಲ್ಲೂ ಹಾಗೇ. ಟೆಸ್ಟ್ ಹೇಗಾಯಿತು ಎಂದು ಸಾನ್ವಿಯನ್ನು ಕೇಳಿದೆ. "ಛಲೋ ಆತಪ್ಪಾ" ಎಂದು ಒಳಗೆ ಹೋದಳು. ತಕರಾರಿಲ್ಲ, ಅಳು ಇಲ್ಲ. ಮಂದಾಕಿನಿ ಬಿ.ಪಿ. ಯಂತ್ರ ತಂದು ಮುಂದಿಟ್ಟಳು. ಆರಾಮಾಗಿದ್ದೇನೆ, ಯಾಕೆ ನೋಡಬೇಕು ಎಂದೆ.

೧೬ ಜುಲೈ, ಬುಧವಾರ

ನಾಳೆ ತಪಾಸಣೆ. ಇಡೀ ಶೆಡ್ ತೊಳೆಸಿದೆ.

ಮಧ್ಯಾಹ್ನ ಒಂದು ಕಿರಿಕಿರಿ. ಪರದೆಯಲ್ಲಿ ನಲವತ್ತೆಂಟು, ಆದರೆ ಹೊರಗೆ ಪಂಪ್ ಗುಂಯ್ ಎನ್ನುತ್ತಿದೆ. ಅರವತ್ತು ದಾಟದೆ ಪಂಪ್ ಹತ್ತಬಾರದು. ಹೋಗಿ ನೋಡಿದರೆ ಹಫೀಜ ಪ್ಯಾನೆಲ್ಲಿನ ಪಕ್ಕದ ಸ್ವಿಚ್ ಒತ್ತಿ ಕೈಯಾರೆ ಪಂಪ್ ಹಚ್ಚಿದ್ದಾನೆ. ಎರಡು ವಾರದಿಂದ ಇದೇ ನಡೆದಿದೆಯಂತೆ! ತಪಾಸಣೆಯವರು ಇದನ್ನು ನೋಡಿದ್ದರೆ? ಇಷ್ಟು ದೊಡ್ಡ ವ್ಯವಸ್ಥೆ ಮಾಡಿಯೂ ಕೈಯಿಂದ ನಡೆಸುತ್ತೀರಾ ಎಂದು ಮುಖಕ್ಕೆ ಉಗಿಯುತ್ತಿದ್ದರು. ಆ ಸ್ವಿಚ್ಚಿಗೆ ಪೆಟ್ಟಿಗೆ ಹಾಕಿ ಕೀಲಿ ಜಡಿದೆ.

"ಸಾಹೇಬ್ರ, ಅದನ್ನ ಬಂದ್ ಮಾಡಬ್ಯಾಡ್ರಿ," ಎಂದ ಹಫೀಜ.

"ಯಾಕ?"

ಎಲ್ಲರೂ ನೋಡುತ್ತಿದ್ದರು. ಅವನು ನನ್ನ ಮುಖ ನೋಡಿದ, ಗೋಡೆಯ ತಖ್ತೆ ನೋಡಿದ. ಆಮೇಲೆ ಅಂದ: "ಏನಿಲ್ರಿ. ಎಲ್ಲಾ ಬರೋಬ್ಬರಿ ಐತ್ರಿ."

ಕೀಲಿಯನ್ನು ಸ್ಕೂಟರಿನ ಕೀಲಿಗೊಂಚಲಿಗೆ ಸೇರಿಸಿಕೊಂಡಿದ್ದೇನೆ.

೧೭ ಜುಲೈ, ಗುರುವಾರ

ತೊಟ್ಟಿಗೆ ಬೆಂಕಿ ಹತ್ತಿತು. ಹಫೀಜನ ಮೈ ಸುಟ್ಟಿದೆ. ಬಹಳ.

ನಾನು ಕ್ಯಾಬಿನ್‌ನಲ್ಲಿದ್ದೆ. ಗಾಜಿನ ಆಚೆ ಉರಿ ತಗಡಿನ ಮಾಳಿಗೆ ಮುಟ್ಟುತ್ತಿತ್ತು. ಪರದೆಯಲ್ಲಿ ನಲವತ್ತೆಂಟು.

೧೮ ಜುಲೈ, ಶುಕ್ರವಾರ

ನಿದ್ದೆ ಇಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ತಪಾಸಣೆ ಒಂದು ಗಂಟೆಗೆ ಮುಗಿದಿತ್ತು. ಪುಣೆಯವರು ನೇರ ಗೆರೆ ನೋಡಿ ನನ್ನ ಕೈ ಕುಲುಕಿದರು. ಅವರು ಹೋದ ಮೇಲೆ, ಬೆಳಿಗ್ಗೆ ಹಿಂದೆ ಬಿದ್ದ ಕೆಲಸ ತುಂಬಿಸಲು ಇನ್ನೆರಡು ಲೋಡ್ ಲಗೂ ಹಾಕಿ ಎಂದವನು ನಾನು. ಮೂರು ಗಂಟೆ ಹತ್ತು ನಿಮಿಷಕ್ಕೆ ಎರಡನೆಯ ಲೋಡಿನ ಕೆಂಪು ಬುಟ್ಟಿ ಎಣ್ಣೆಗಿಳಿಯುತ್ತಲೇ ಎಣ್ಣೆ ಉಕ್ಕಿ ಹತ್ತಿಕೊಂಡಿತು. ಬಾಬುಸಾಬ ಹಸಿ ಗೋಣಿಚೀಲ ಹೊತ್ತು ಒಳಗೆ ನುಗ್ಗಿ ಹಫೀಜನನ್ನು ಎಳೆದು ತಂದ. ನಾಲ್ಕು ನಿಮಿಷಕ್ಕೆ ಕರೆಂಟ್ ತೆಗೆದೆವು. ಆ ನಾಲ್ಕು ನಿಮಿಷವೂ ದಾಖಲೆಯಲ್ಲಿ ಗೆರೆ ನಲವತ್ತೆಂಟರಲ್ಲೇ ಇದೆ.

ಇಂದು ಬೆಳಿಗ್ಗೆ ಸೆನ್ಸರಿನ ತಂತಿ ಹಿಡಿದು ಹೋದೆ. ತಂತಿ ತೊಟ್ಟಿಯೊಳಗೆ ಇಳಿದಿರಲಿಲ್ಲ. ತೊಟ್ಟಿಯ ಹಿಂದಿನ ಇಟ್ಟಿಗೆಯ ಮೋಟುಗೋಡೆ ದಾಟಿ ಆಚೆ ಬದಿಗೆ ಹೋಗಿತ್ತು. ಅಲ್ಲಿ, ಭಟ್ಟಿಯ ಕಾವು ತಾಗುವ ಮೂಲೆಯಲ್ಲಿ, ಚಹಾದ ಒಂದು ಸ್ಟೀಲ್ ಗ್ಲಾಸು. ಗ್ಲಾಸಿನ ತುಂಬ ಎಣ್ಣೆ. ಎಣ್ಣೆಯಲ್ಲಿ ನನ್ನ ಸೆನ್ಸರ್. ಸುಮಾರು ಮೂರು ವಾರದಿಂದ ನಾನು ಒಂದು ಗ್ಲಾಸಿನ ಶಾಖ ನೋಡಿ ಬೀಗುತ್ತಿದ್ದೆ. ನಿಜವಾದ ತೊಟ್ಟಿಯ ಗೆರೆ ಎಂದೂ ಅಷ್ಟು ನೇರ ಇರುವುದಿಲ್ಲ. ಇದು ಕಲಿಯುವ ಹುಡುಗರಿಗೂ ಗೊತ್ತಿರುವ ಮಾತು.

ಬಾಬುಸಾಬ ಹಿಂದೆ ಬಂದು ನಿಂತಿದ್ದ. ಕೈಗೆ ಪಟ್ಟಿ ಕಟ್ಟಿತ್ತು.

"ನಿಮಗ ಗೊತ್ತಿತ್ತೇನು?" ಎಂದೆ.

"ಎಲ್ಲಾರ್ಗೂ ಗೊತ್ತಿತ್ರಿ. ನಿಮ್ಮನ್ನ ಬಿಟ್ಟು." ಗ್ಲಾಸಿನತ್ತ ನೋಡಿ ಹೇಳಿದ: "ಒದರೂದು ನಿಲ್ಲಲಿ ಅಂತ ಹಂಗ ಮಾಡಿದ್ರಿ ಅಂವ. ಆದ್ರ ಕೈ ಹಚ್ಚಿ ಮೂರು ಎಣಿಸೂದು ಬಿಟ್ಟಿದ್ದಿಲ್ಲ. ಕಾದಂಗೆಲ್ಲಾ ತಾನ ಪಂಪ್ ಹಚ್ತಿದ್ದ. ನಿನ್ನೆ ಕೀಲಿ ನಿಮ್ಮ ಕಿಸೆದಾಗ ಇತ್ತಲ್ರಿ."

"ಮತ್ತ ಸೆನ್ಸರ್ ತಿರುಗಿ ತೊಟ್ಟಿಗೆ ಹಾಕಬೇಕಿತ್ತಲ್ಲ!"

"ಪುಣೆದವ್ರ ಮುಂದ ಅದು ಒದರಿದ್ರ ನೀವು ಬಿಡ್ತಿದ್ರೇನ್ರಿ? ಅವ್ರು ಹ್ವಾದ ಮ್ಯಾಲೆ ಹಾಕ್ತೇನಿ ಅಂದಿದ್ದ. ಅಷ್ಟರಾಗ ನೀವು ಲಗೂ ಲಗೂ ಅಂದ್ರಿ."

ಕೀಲಿಗೊಂಚಲು ಈಗಲೂ ಮೇಜಿನ ಮೇಲಿದೆ. ಆ ಸಣ್ಣ ಹಿತ್ತಾಳೆಯ ಕೀಲಿ ಅದರಲ್ಲೇ ಇದೆ. ತೆಗೆಯಲು ಕೈ ಬರುತ್ತಿಲ್ಲ.

೨೦ ಜುಲೈ, ರವಿವಾರ

ವಿದ್ಯಾನಗರದ ದೊಡ್ಡ ಆಸ್ಪತ್ರೆಗೆ ಹೋದೆ. ಇಂದು ಅವನ ರದ್ದಾದ ನಾಲ್ಕು ರವಿವಾರಗಳು ಮುಗಿದು ಬಂದ ಸೂಟಿ.

ಒಂದೇ ನಿಮಿಷ ಒಳಗೆ ಬಿಟ್ಟರು. ಮುಖದಲ್ಲಿ ಕಣ್ಣು, ಬಾಯಿ ಬಿಟ್ಟರೆ ಎಲ್ಲ ಬಿಳಿ ಪಟ್ಟಿ. ನನ್ನನ್ನು ಗುರುತಿಸಿದ. ಏಳಲು ನೋಡಿದ. ನಾನು ಬಂದಾಗ ಎದ್ದು ನಿಲ್ಲುವುದು ರೂಢಿಯಾಗಿಬಿಟ್ಟಿತ್ತಲ್ಲ.

"ಹೆಂಗದೀಯೋ ಹಫೀಜ?"

"ಛಲೋ ಅದೇನ್ರಿ ಸಾಹೇಬ್ರ," ಎಂದ. ದನಿ ಗಾಳಿಯಷ್ಟೇ ಇತ್ತು. "ಎಲ್ಲಾ ಬರೋಬ್ಬರಿ ಐತ್ರಿ."

ಹೊರಗೆ ಬಂದೆ. ಅವನ ಹೆಂಡತಿ ಬುಶ್ರಾ ಬೆಂಚಿನ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ನಾಲ್ಕು ವರ್ಷದ ಮಗಳು ನಿದ್ದೆ ಮಾಡುತ್ತಿದ್ದಳು. ಅವನು ಆರಾಮಿದ್ದೇನೆ ಎಂದ, ಎಂದು ಹೇಳಿದೆ.

"ನಿಮ್ಮ ಮುಂದ ಬ್ಯಾರೆ ಏನ್ ಹೇಳ್ತಾರ್ರಿ ಅವ್ರು?" ಎಂದಳು ಬುಶ್ರಾ. "ರಾತ್ರಿಯೆಲ್ಲಾ ಚೀರಾಕತ್ತಾರು."

೨೨ ಜುಲೈ, ಮಂಗಳವಾರ

ಸೌರಭ ವರದಿ ಟೈಪ್ ಮಾಡಿಸಿ ತಂದಿದ್ದ. ಕಾರ್ಖಾನೆಗಳ ಸರ್ಕಾರಿ ತಪಾಸಣಾಧಿಕಾರಿಗೆ ಕೊಡಬೇಕಾದದ್ದು. 'ನೌಕರನು ತನ್ನ ಸ್ವಂತ ಇಚ್ಛೆಯಿಂದ ಸೆನ್ಸರನ್ನು ಸ್ಥಳಾಂತರಿಸಿದ್ದೇ ಅವಘಡಕ್ಕೆ ಕಾರಣ.'

"ಇದರಾಗ ಸುಳ್ಳು ಏನರ ಅದ ಏನ್ರಿ? ತಗದಾಂವ ಅಂವನ ಅಲ್ಲೇನು?" ಎಂದ.

ಸುಳ್ಳು ಇಲ್ಲ. ಒಂದಕ್ಷರವೂ ಸುಳ್ಳಿಲ್ಲ. ಏಳು ತಿಂಗಳು ಮನೆಯಲ್ಲಿ ಕುಳಿತದ್ದು ನೆನಪಾಯಿತು. ಸಾನ್ವಿಯ ಹತ್ತನೇ ಇಯತ್ತೆ ಬರುತ್ತಿದೆ. ಸಹಿ ಹಾಕಿದೆ.

ಹೋಗುವಾಗ ಸೌರಭ ಬಾಗಿಲಲ್ಲಿ ತಿರುಗಿ ಹೇಳಿದ: "ಆ ಕೆಂಪು ಪುಸ್ತಕ ಯಾರ ಕೈಗೂ ಸಿಗೂದು ಬ್ಯಾಡ್ರಿ. ಭಟ್ಟಿಗೆ ಹಾಕಿಬಿಡ್ರಿ." ಪುಸ್ತಕ ಹಿಡಿದು ಭಟ್ಟಿಯ ತನಕ ಹೋದೆ. ಬೆಂಕಿಯ ದಿನದಿಂದ ಭಟ್ಟಿ ಆರಿದೆ. ಪುಸ್ತಕವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಮನೆಗೆ ಬಂದೆ.

೨೪ ಜುಲೈ, ಗುರುವಾರ

ಬೆಳಗಿನ ಜಾವ ಹಫೀಜ ತೀರಿಕೊಂಡ.

ಮಣ್ಣಿಗೆ ಹೋಗಿದ್ದೆ. ದೂರ ನಿಂತೆ. ಯಾರೂ ಬೈಯಲಿಲ್ಲ. ಆಮೇಲೆ ಅವನ ಮನೆಯ ತನಕ ಹೋದೆ. ಬುಶ್ರಾ ಬಾಗಿಲ ಒಳಗಿನಿಂದಲೇ ಮಾತಾಡಿದಳು.

"ತನ್ನ ಕೈಯಾರ ತಾನ ಮಾಡ್ಕೊಂಡಾನ ಅಂತ ಬರದ್ರಂತಲ್ರಿ?"

ಹೊಸ್ತಿಲ ಹೊರಗೇ ನಿಂತಿದ್ದೆ.

"ನಾಳೆ ನನ್ನ ಮಗಳು ಸಾಲಿಗೆ ಹೊಕ್ಕಾಳ್ರಿ. ನಿಮ್ಮಪ್ಪ ಶೆಡ್ಡಿಗೆ ಬೆಂಕಿ ಹಚ್ಚಿ ಸತ್ತ ಅಂತ ಯಾರರ ಅಂದ್ರ ಅಕಿ ಏನ್ ಹೇಳ್ಬೇಕು? ಅದೊಂದು ನೀವು ಹೇಳಿ ಹೋಗ್ರಿ ಸಾಹೇಬ್ರ."

ಸ್ಕೂಟರ್ ಹತ್ತಿ ಮನೆಗೆ ಬಂದೆ.

೨೫ ಜುಲೈ, ಶುಕ್ರವಾರ

ಕೆಂಪು ಪುಸ್ತಕ ಇಂದು ಮೊದಲ ಸಲ ತೆರೆದೆ. ಇಷ್ಟು ದಿನ ಪ್ರತಿ ಶನಿವಾರ ಬಾಬುಸಾಬನಿಗೆ "ಎಷ್ಟಾದವು?" ಎಂದು ಕೇಳಿ ಸಂಖ್ಯೆ ಬರೆದುಕೊಳ್ಳುತ್ತಿದ್ದೆ. ಒಳಗೆ ಹದಿನಾಲ್ಕು ಕಾರಣಗಳಿವೆ. ದುಂಡನೆಯ, ಸಾಲಿ ಹುಡುಗನ ಅಕ್ಷರ.

ಮೊದಲನೆಯದು: "ಕೂಲರಿನ ಒಳಗ ರಾಡಿ ಕಟ್ಟೇತ್ರಿ. ಎಣ್ಣಿ ತಿರಗಾಕತ್ತೇತಿ, ಖರೇ ತಣ್ಣಗ ಆಗವಲ್ದು. ಒಂದಿನ ಬಂದ್ ಮಾಡಿ ತೊಳಸ್ಬೇಕ್ರಿ. ನಾ ತೊಳೀತೇನ್ರಿ."

ಎರಡನೆಯದು: "ಕೂಲರ್ ರಾಡಿ. ಲೋಡ್ ಹೆಚ್ಚಾಗ್ಯಾವ. ಒಂದು ಲೋಡ್ ಕಡಿಮಿ ಮಾಡಿದ್ರ ತಡೀತೈತ್ರಿ."

ಮೂರು: "ರವಿವಾರ ಬಂದು ತೊಳೀತೇನಿ, ಪರವಾನಗಿ ಕೊಡ್ರಿ." ರವಿವಾರ ಅವನನ್ನು ಕರೆಸಿದ್ದೆ. ಬೇರೆ ಲೋಡ್ ಹಾಕಿಸಿದ್ದೆ.

ನಾಲ್ಕರಿಂದ ಏಳು: "ಮೊದ್ಲ ಬರದ ಕಾರಣನ ಐತ್ರಿ."

ಎಂಟು: "ಕಾರಣ ಮ್ಯಾಲೆ ಐತಿ. ಒಮ್ಮಿ ಓದ್ರಿ ಸಾಹೇಬ್ರ."

ಒಂಬತ್ತು: "ಕೂಲರ್."

ಹತ್ತರಿಂದ ಹದಿನಾಲ್ಕರ ತನಕ ಐದೂ ಒಂದೇ ಸಾಲು: "ನನ್ನ ತಪ್ಪಾತ್ರಿ. ಇನ್ನ ಮ್ಯಾಲೆ ಆಗೂದಿಲ್ಲ."

ಅಲ್ಲಿಗೆ ಪುಟ ಖಾಲಿ. ಅದಾದ ಮೇಲಿನ ವಾರ ನಾನು ಗೋಡೆಯ ಮೇಲೆ ಸೊನ್ನೆ ಬರೆಸಿ ಸಂತೋಷಪಟ್ಟವನು. ಅಳಬೇಕೆನಿಸಿತು, ಅತ್ತೆ. ಮಂದಾಕಿನಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಏನಾಯಿತು ಎಂದು ಕೇಳಲಿಲ್ಲ. ಕೇಳಬಹುದಿತ್ತು.

೨೮ ಜುಲೈ, ಸೋಮವಾರ

ತಪಾಸಣಾಧಿಕಾರಿಯ ಆಫೀಸಿಗೆ ಹೋದೆ. ಕೆಂಪು ಪುಸ್ತಕ, ಗ್ಲಾಸು, ಹಿತ್ತಾಳೆಯ ಕೀಲಿ, ಮೂರನ್ನೂ ಮೇಜಿನ ಮೇಲಿಟ್ಟೆ. ಹೋದ ವಾರ ಕೊಟ್ಟ ವರದಿ ಹಿಂದಕ್ಕೆ ಬೇಕು ಎಂದೆ. ಹಾಗೆ ಹಿಂದೆ ಕೊಡಲು ಬರುವುದಿಲ್ಲವಂತೆ. ಬೇಕಾದರೆ ಹೊಸ ಹೇಳಿಕೆ ಬರೆದುಕೊಡಿ ಎಂದರು.

ಬರೆದೆ. ಹಫೀಜ ಒಂಬತ್ತು ಸಲ ಬರೆದು ತಿಳಿಸಿದ್ದ, ನಾನು ಓದಲಿಲ್ಲ. ತಿಳಿಸಿದ್ದಕ್ಕೆ ಶಿಕ್ಷೆ ಕೊಟ್ಟೆ. ಅವನು ತಿಳಿಸುವುದನ್ನು ನಿಲ್ಲಿಸಿದ, ಅದನ್ನು ನಾನು ಸುಧಾರಣೆ ಎಂದುಕೊಂಡೆ. ಪಂಪ್ ಹಚ್ಚುವ ಸ್ವಿಚ್ಚಿಗೆ ಕೀಲಿ ಹಾಕಿದವನು ನಾನು, ಎರಡು ಲೋಡ್ ಹೆಚ್ಚು ಹಾಕಿಸಿದವನು ನಾನು. ಹಳೆಯ ಟೈಮರ್ ಇದ್ದಿದ್ದರೆ ಯಾರ ಮಾತೂ ಕೇಳದೆ ಪ್ರತಿ ಲೋಡಿಗೆ ಇಪ್ಪತ್ತೈದು ನಿಮಿಷ ತಿರುಗುತ್ತಿತ್ತು. ರಾಡಿ ಕಟ್ಟಿದ ಕೂಲರಿನಲ್ಲೂ ಅಷ್ಟಿಷ್ಟು ತಣಿಯುತ್ತಿತ್ತು, ಹಫೀಜ ಬದುಕಿರುತ್ತಿದ್ದ.

ಅಧಿಕಾರಿ ಓದಿ ಕನ್ನಡಕ ತೆಗೆದರು. "ಇದನ್ನ ಕೊಟ್ರ ನಿಮ್ಮ ಮ್ಯಾಲೇ ಕೇಸ್ ಆಗ್ತದ್ರಿ. ತಿಳದದ ಏನು?"

"ತಿಳದದ್ರಿ."

ಅಲ್ಲಿಂದ ಬುಶ್ರಾಳ ಮನೆಗೆ ಹೋಗಿ ಹೇಳಿಕೆಯ ಪ್ರತಿ ಕೊಟ್ಟೆ. ಕನ್ನಡ ಓದಲು ಬರುತ್ತದೆ ಅವಳಿಗೆ. ಪೂರ್ತಿ ಓದಿ, ಮಡಚಿ, ಮಗಳ ಪಾಟಿಚೀಲದೊಳಗೆ ಇಟ್ಟಳು. ನನಗೆ ಕೂಡ್ರಿ ಎನ್ನಲಿಲ್ಲ.

ಸೌರಭ ಫೋನ್ ಮಾಡಿ ನಾಳೆಯಿಂದ ಬರಬೇಡಿ ಎಂದ.

೨ ಆಗಸ್ಟ್, ಶನಿವಾರ
ಬಿ.ಪಿ. ೧೭೨/೧೦೪

ಐದು ದಿನದಿಂದ ಮನೆಯಲ್ಲಿದ್ದೇನೆ. ಸೋಮವಾರ ಪೊಲೀಸ್ ಠಾಣೆಗೆ ಬರಲು ಹೇಳಿದ್ದಾರೆ.

ಸಂಜೆ ಸಾನ್ವಿ ಸಾಲಿಯಿಂದ ಬಂದಳು. ಚೀಲ ಇಳಿಸುವಾಗ ಗಣಿತದ ಉತ್ತರಪತ್ರಿಕೆಯ ತುದಿ ಹೊರಗೆ ಕಾಣುತ್ತಿತ್ತು. ಕೆಂಪು ಶಾಯಿಯೂ ಕಂಡಿತು. ಅವಳು ಅದನ್ನು ಒಳಗೆ ತಳ್ಳಿದಳು.

"ಹೆಂಗಾತು ಟೆಸ್ಟು?" ಎಂದೆ. ಆದಷ್ಟು ಮೆಲ್ಲಗೆ ಕೇಳಿದೆ.

"ಛಲೋ ಆತಪ್ಪಾ."

"ಛಲೋ ಆಗಿಲ್ಲಂದ್ರೂ ಹೇಳು, ಪುಟ್ಟಿ. ನಾ ಸಿಟ್ಟಾಗೂದಿಲ್ಲ. ಖರೇನ ಆಗೂದಿಲ್ಲ."

ಅವಳು ತಾಯಿಯ ಕಡೆ ನೋಡಿದಳು. ಆಮೇಲೆ ನನ್ನ ಮುಖವನ್ನು ನೋಡಿದಳು, ಕೀಲಿ ಹಾಕಿದ ದಿನ ಹಫೀಜ ನೋಡಿದ ಹಾಗೆಯೇ.

"ಇಲ್ಲಪ್ಪಾ," ಎಂದಳು. "ಎಲ್ಲಾ ಬರೋಬ್ಬರಿ ಅದ."

ನಲವತ್ತೆಂಟು.

ಅವಳು ಒಳಗೆ ಹೋಗಿ ಒಂದು ತಾಸಾಯಿತು. ಅವಳ ಕೋಣೆಯ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆ. ಕರೆಯುವುದಿಲ್ಲ. ಅವಳಾಗಿ ಬರುವ ತನಕ ಇಲ್ಲೇ ಇರುತ್ತೇನೆ.